ಸುತ್ತಳತೆ ಮೊದಲು, ಮೆಷಿನ್ ಆಮೇಲೆ: ಹಳೇ ಮತ್ತು ಹೊಸ ಚೈನ್‌ಸಾಗಳ ಹೋಲಿಕೆ, ಬಾರ್ ಉದ್ದದ ಲೆಕ್ಕ

ಚೈನ್‌ಸಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಸಿಸಿ?’ ಅಂತ, ಅಂದರೆ ಇಂಜಿನ್ ಎಷ್ಟು ದೊಡ್ಡದು ಅಂತ. ಅದರ ಬೆನ್ನಿಗೇ ‘ಸ್ವಲ್ಪ ಉದ್ದದ ಬಾರ್ ಹಾಕಿಕೊಡಿ, ಮುಂದೆ ದೊಡ್ಡ ಮರ ಬಂದರೆ ಇರಲಿ’ ಅಂತ. ಈ ಕ್ರಮ ತಲೆಕೆಳಗು. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ವರ್ಷವಿಡೀ ಕೊಯ್ಯುವುದು ಯಾವ ಮರ, ಅದರ ಸುತ್ತಳತೆ ಎಷ್ಟು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಸುತ್ತಳತೆಯಿಂದ ಬಾರ್, ಅಂದರೆ ಚೈನ್ ಸುತ್ತಿ ಓಡುವ ಉದ್ದನೆಯ ಉಕ್ಕಿನ ಪಟ್ಟಿ, ತೀರ್ಮಾನವಾಗುತ್ತದೆ. ಆ ಬಾರ್ ಎಳೆಯಲು ಎಷ್ಟು ಸಿಸಿ ಬೇಕೆಂಬುದು ಅದರಿಂದ ಗೊತ್ತಾಗುತ್ತದೆ. ಹಳೇದೋ ಹೊಸದೋ ಎಂಬ ಪ್ರಶ್ನೆ ಬರುವುದು ಕೊನೆಗೆ.

ಮರದ ವ್ಯಾಪಾರಿಗಳು ಸುತ್ತಳತೆಯನ್ನು ಅಡಿಯಲ್ಲಿ ಹೇಳುತ್ತಾರೆ, ಬಾರ್ ಇಂಚಿನಲ್ಲಿ ಬರುತ್ತದೆ. ಎರಡನ್ನೂ ಕೂಡಿಸುವ ಲೆಕ್ಕ ಸುಲಭ: ಸುತ್ತಳತೆಯ ಅಡಿಯನ್ನು ನಾಲ್ಕರಿಂದ ಗುಣಿಸಿ, ಚೂರು ಕಡಿಮೆ ಮಾಡಿ. ಸಿಗುವುದು ಇಂಚಿನಲ್ಲಿ ಅಡ್ಡಗಲ. 4 ಅಡಿ ಸುತ್ತಳತೆಯ ಸಿಲ್ವರ್ ಓಕ್ ಅಂದರೆ ಸುಮಾರು 15 ಇಂಚು ಅಡ್ಡಗಲ. 5 ಅಡಿಗೆ 19 ಇಂಚು, 6 ಅಡಿಗೆ 23, 8 ಅಡಿಗೆ 30 ದಾಟುತ್ತದೆ. ಅಳತೆ ತೆಗೆಯಬೇಕಾದ್ದು ಎದೆಯೆತ್ತರದಲ್ಲಲ್ಲ, ಕೊಯ್ಯುವ ಜಾಗದಲ್ಲಿ. ಬುಡ ಅಗಲವಾಗಿ ಹರಡಿರುವ ಕಾಡುಮರಗಳಲ್ಲಿ ಎರಡು ಅಳತೆಗೂ ಅರ್ಧಕ್ಕರ್ಧ ವ್ಯತ್ಯಾಸ ಬರುವುದುಂಟು.

ಬಾರ್ ಎಷ್ಟು ಉದ್ದ ಬೇಕು

ಒಂದೇ ಬದಿಯಿಂದ ಒಂದೇ ಸಲಕ್ಕೆ ದಿಮ್ಮಿ ತುಂಡು ಮಾಡಬೇಕಾದರೆ ಬಾರ್ ಅಡ್ಡಗಲಕ್ಕಿಂತ ಎರಡು ಇಂಚು ಉದ್ದವಿರಬೇಕು. ಮೆಷಿನ್ ಮುಂದಿನ ಹಲ್ಲಿನ ಪಟ್ಟಿಯೂ ಒಂದಿಷ್ಟು ಉದ್ದ ತಿನ್ನುತ್ತದೆ. ಆದರೆ ಎಲ್ಲವನ್ನೂ ಒಂದೇ ಬದಿಯಿಂದ ಕೊಯ್ಯಬೇಕೆಂಬ ನಿಯಮವೇನಿಲ್ಲ. ಎರಡು ಬದಿಯಿಂದ ಕೊಯ್ಯಲು ಬರುವವನಿಗೆ ಬಾರ್‌ನ ಒಂದೂವರೆ ಪಟ್ಟು ಅಡ್ಡಗಲದ ಮರ ತೊಂದರೆಯಲ್ಲ, ಪಳಗಿದ ಕೈಗೆ ಎರಡು ಪಟ್ಟಿನ ಹತ್ತಿರಕ್ಕೂ ಹೋಗಬಹುದು.

18 ಇಂಚಿನ ಬಾರ್‌ನಲ್ಲಿ 6 ಅಡಿ ಸುತ್ತಳತೆಯ ಸಿಲ್ವರ್ ಓಕ್ ಕೆಡಹುವ ಕ್ರಮ ನೋಡಿ. ಮರ ಬೀಳಬೇಕಾದ ಬದಿಗೆ ಅಡ್ಡಗಲದ ಐದರಲ್ಲೊಂದು ಭಾಗದಷ್ಟು, ಅಂದರೆ ನಾಲ್ಕೂವರೆ ಇಂಚು ಆಳಕ್ಕೆ ಬಾಯಿ ತೆಗೆಯಬೇಕು. ಹಿಂದಿನ ಕೊಯ್ತವನ್ನು ಬಾಯಿಯ ತಳಕ್ಕಿಂತ ಒಂದೆರಡು ಇಂಚು ಮೇಲೆ, ಮೊದಲು ಒಂದು ಬದಿಯಿಂದ ಹಾಕಬೇಕು. ಬಾಯಿಯ ಹಿಂದೆ ಅಡ್ಡಗಲದ ಹತ್ತರಲ್ಲೊಂದು ಭಾಗ, ಇಲ್ಲಿ ಎರಡು ಇಂಚಿನ ಮೇಲೆ, ಕೀಲಿನಂತೆ ಉಳಿಸಬೇಕು. ನಂತರ ಬೆಣೆ ಬಡಿದು, ಇನ್ನೊಂದು ಬದಿಗೆ ಹೋಗಿ ಅದೇ ಮಟ್ಟಕ್ಕೆ ಕೊಯ್ತ ಸೇರಿಸಬೇಕು. ಎರಡು ಕೊಯ್ತಗಳ ಮಟ್ಟ ತಪ್ಪಿದರೆ ನಡುವೆ ಹಿಡಿದುಕೊಂಡ ನಾರು ಮರವನ್ನು ತಿರುಗಿಸುತ್ತದೆ, ಮರ ಕಾಫಿ ಸಾಲಿನ ಮೇಲೇ ಹೋಗುತ್ತದೆ. ಕೀಲು ಪೂರ್ತಿ ಕೊಯ್ದುಬಿಟ್ಟರಂತೂ ಮರ ಎತ್ತ ಬೀಳುತ್ತದೆಂದು ಹೇಳುವವರಿಲ್ಲ. ಪ್ಲಾಸ್ಟಿಕ್ ಬೆಣೆಯೇ ಆಗಬೇಕು. ಕಬ್ಬಿಣದ ಬೆಣೆಗೆ ಚೈನ್ ತಾಗಿದರೆ ಆ ಚೈನ್ ಮುಗಿದಂತೆ.

ಹೀಗಾಗಿ ಹೆಚ್ಚಿನ ತೋಟಗಳಿಗೆ 18 ಇಂಚು ಸಾಕು, ದೊಡ್ಡ ಮರ ಇದ್ದಲ್ಲಿ 20 ಇಂಚು ಧಾರಾಳ. 25 ಇಂಚಿನ ಬಾರ್ ಹಾಕಿಕೊಂಡು ದಿನವಿಡೀ 12 ಇಂಚಿನ ಅಕೇಶಿಯಾ ಸೌದೆ ಕೊಯ್ಯುವುದನ್ನು ಕಂಡಾಗ ಆ ಕೆಲಸಗಾರನ ಸೊಂಟ ನೆನೆದು ಸಂಕಟವಾಗುತ್ತದೆ. ಉದ್ದ ಬಾರ್‌ನ ಬೆಲೆ ಕೊಡುವುದು ಅವನೇ. ಮುಂಭಾರ ಹೆಚ್ಚುತ್ತದೆ. ತುದಿ ಮರದ ಆಚೆ ಕಣ್ಣಿಗೆ ಕಾಣದಂತೆ ಚಾಚಿಕೊಂಡು ಕಲ್ಲಿಗೋ ಮಣ್ಣಿಗೋ ತಾಗುತ್ತದೆ. ಬಾರ್ ತುದಿಯ ಮೇಲಿನ ಅರ್ಧ ಇನ್ನೊಂದು ಮರಕ್ಕೆ ತಾಗಿದರೆ ಮೆಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ, ಮುಖದ ಕಡೆ ಎಗರುತ್ತದೆ. ದಟ್ಟ ಕಾಫಿ ಗಿಡಗಳ ನಡುವೆ ಉದ್ದ ಬಾರ್‌ಗೆ ಹೀಗೆ ತಾಗುವ ಸಂದರ್ಭ ಹೆಚ್ಚು. ಅರ ಹಾಕುವ ಕೆಲಸವೂ ಬೆಳೆಯುತ್ತದೆ: 3/8 ಪಿಚ್‌ನ (ಪಿಚ್ ಅಂದರೆ ಚೈನ್‌ನ ಕೊಂಡಿಗಳ ನಡುವಿನ ಅಂತರದ ಅಳತೆ, ಇಂಚಿನಲ್ಲಿ) 16 ಇಂಚಿನ ಚೈನಿಗೆ 60 ಡ್ರೈವ್ ಲಿಂಕ್ (ಬಾರ್‌ನ ತೋಡಿನಲ್ಲಿ ಓಡುವ ಕೊಂಡಿ), ಅಂದರೆ 30 ಹಲ್ಲು. 20 ಇಂಚಿಗೆ 72 ಲಿಂಕ್, 36 ಹಲ್ಲು. ಸ್ಟಿಲ್ ಕಂಪನಿಯ 25 ಇಂಚಿಗೆ 84 ಲಿಂಕ್, 42 ಹಲ್ಲು. ದಿನಕ್ಕೆ ಮೂರು ಸಲ ಅರ ಹಿಡಿಯುವ ಕಡೆ ಈ 12 ಹಲ್ಲಿನ ಅಂತರ ಸಣ್ಣದಲ್ಲ.

ಇಂಜಿನ್‌ಗೂ ಬಾರ್‌ಗೂ ಹೊಂದಾಣಿಕೆ ಹೀಗಿರಲಿ. 50 ಸಿಸಿಗೆ 15ರಿಂದ 16 ಇಂಚು ಹಿತ, 18 ಕೊನೆಯ ಮಿತಿ. 60 ಸಿಸಿಗೆ 16ರಿಂದ 20. 70ರಿಂದ 77 ಸಿಸಿಗೆ 18ರಿಂದ 25. 90 ಸಿಸಿಗೆ 24ರಿಂದ 36. ಇದು ಮೆತ್ತನೆಯ ಮರಕ್ಕೆ ಹೇಳಿದ್ದು. ಒಣಗಿದ ಹೊನ್ನೆ, ಮತ್ತಿ, ನಂದಿಯಂಥ ಗಟ್ಟಿ ಮರಕ್ಕೆ ಪ್ರತಿ ವರ್ಗದ ಮೇಲಿನ ಮಿತಿಯಿಂದ ಎರಡು ಇಂಚು ಕಳೆಯಿರಿ. ಮಿತಿ ಮೀರಿದ ಬಾರ್ ಹಾಕಿದಾಗ ಚೈನ್ ನಿಧಾನವಾಗುತ್ತದೆ, ಕೆಲಸಗಾರ ಮೆಷಿನ್ ಒತ್ತಲು ಶುರುಮಾಡುತ್ತಾನೆ, ಕ್ಲಚ್ ಜಾರಿ ಕಾಯುತ್ತದೆ. ಬಾರ್ ತುದಿಗೆ ಎಣ್ಣೆ ತಲುಪದೆ ತೋಡು ಸವೆಯುತ್ತದೆ. ಎಣ್ಣೆ ಪರೀಕ್ಷಿಸುವುದು ಸುಲಭ: ತುದಿಯನ್ನು ಬಿಳಿ ರಟ್ಟಿನಿಂದ ಒಂದು ಗೇಣು ದೂರ ಹಿಡಿದು ಥ್ರಾಟಲ್ ಕೊಡಿ. ಕೆಲವೇ ಕ್ಷಣದಲ್ಲಿ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಪಂಪಿನ ಸ್ಕ್ರೂ ಹೆಚ್ಚಿಸಿ, ಬಾರ್‌ನ ಎಣ್ಣೆ ತೂತು ಹೊಟ್ಟಿನಿಂದ ಕಟ್ಟಿದೆಯೇ ನೋಡಿ. ಬೈಕ್‌ನಿಂದ ತೆಗೆದ ಹಳೇ ಇಂಜಿನ್ ಆಯಿಲ್ ಬಾರ್‌ಗೆ ಸುರಿಯುವ ಅಭ್ಯಾಸ ಬಿಡಲೇಬೇಕು. ಅದರಲ್ಲಿರುವ ಲೋಹದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ, ದಿನವಿಡೀ ಮೈಮೇಲೆ ಸಿಡಿಯುವ ಆ ಎಣ್ಣೆ ಚರ್ಮಕ್ಕೂ ಒಳ್ಳೆಯದಲ್ಲ.

ಬಾರ್ ಬದಲಿಸುವಾಗ ಉದ್ದ ಒಂದನ್ನೇ ಹೇಳಿ ತಂದವರು ವಾಪಸು ಹೋಗಬೇಕಾಗುತ್ತದೆ. ಮೂರು ಸಂಗತಿ ಹೊಂದಬೇಕು: ಪಿಚ್, ತೋಡಿನ ಅಗಲ, ಮೆಷಿನ್‌ಗೆ ಕೂರುವ ಬುಡದ ಆಕಾರ. ಸ್ಟಿಲ್‌ನ ಎಂಎಸ್ 260ರಿಂದ ಎಂಎಸ್ 661ರವರೆಗಿನ ವೃತ್ತಿಪರ ಮೆಷಿನ್‌ಗಳಿಗೆ ಬುಡ ಒಂದೇ ಬಗೆ. ಎಂಎಸ್ 180, 250ರಂಥ ಮನೆಬಳಕೆಯವಕ್ಕೆ ಬೇರೆ, ಸಣ್ಣದು. ಇನ್ನೊಂದು ಕಂಪನಿ ಹಸ್ಕ್‌ವರ್ನಾದಲ್ಲೂ 550 ಎಕ್ಸ್‌ಪಿಗೆ ಸಣ್ಣ ಬುಡ, 372 ಮತ್ತು 395ಕ್ಕೆ ದೊಡ್ಡ ಬುಡ. ತೋಡಿನ ಅಗಲ ಸ್ಟಿಲ್‌ನಲ್ಲಿ ಸಾಮಾನ್ಯವಾಗಿ 1.6 ಮಿಲಿಮೀಟರ್, ಹಸ್ಕ್‌ವರ್ನಾದಲ್ಲಿ 1.5. 1.6ರ ಚೈನ್ 1.5ರ ತೋಡಿಗೆ ಇಳಿಯುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು ತಿರುವುಮುರುವು: 1.5ರ ಚೈನ್ 1.6ರ ತೋಡಿನಲ್ಲಿ ಓಡುತ್ತದೆ, ಆದರೆ ಓಲಾಡುತ್ತಾ ಓಡುತ್ತದೆ, ಕೊಯ್ತ ಬಿಲ್ಲಿನಂತೆ ಬಾಗುತ್ತದೆ. ಪಿಚ್ ವಿಷಯದಲ್ಲಿ ಬಾರ್ ತುದಿಯ ಚಕ್ರ, ಚೈನ್, ಕ್ಲಚ್ ಬಳಿಯ ಸ್ಪ್ರಾಕೆಟ್ ಮೂರೂ ಒಂದೇ ಆಗಿರಬೇಕು. 50 ಸಿಸಿ ಮೆಷಿನ್‌ಗಳಲ್ಲಿ ಹೆಚ್ಚಾಗಿ .325, ಅದರ ಮೇಲಿನವಕ್ಕೆ 3/8.

ಹಳೇದು, ಹೊಸದು: ಒಳಗೆ ಏನು ಬದಲಾಯಿತು

ಹಳೇ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಸುಟ್ಟ ಹೊಗೆಯನ್ನು ಹೊರದಬ್ಬುವುದು ಒಳಗೆ ಬರುವ ಹೊಸ ಪೆಟ್ರೋಲ್ ಮಿಶ್ರಣವೇ. ದಬ್ಬುವ ಭರದಲ್ಲಿ ಅದರ ಒಂದು ಪಾಲು ಸುಡದೆಯೇ ಸೈಲೆನ್ಸರ್‌ನಿಂದ ಆಚೆ ಹೋಗುತ್ತದೆ. ಹೊಸ ಇಂಜಿನ್‌ಗಳಲ್ಲಿ ಹೊಗೆಗೂ ಹೊಸ ಮಿಶ್ರಣಕ್ಕೂ ನಡುವೆ ಬರೀ ಗಾಳಿಯ ಒಂದು ಪದರ ಬರುತ್ತದೆ. ಆಚೆ ಹೋಗುವುದು ಆ ಗಾಳಿ. ಸ್ಟಿಲ್ ಮತ್ತು ಹಸ್ಕ್‌ವರ್ನಾ ಎರಡೂ ಇದರಿಂದ 20%ವರೆಗೆ ಇಂಧನ ಉಳಿಯುತ್ತದೆ ಅನ್ನುತ್ತವೆ. ಹಸ್ಕ್‌ವರ್ನಾದವರು ಇದಕ್ಕಿಟ್ಟ ಹೆಸರು ಎಕ್ಸ್-ಟಾರ್ಕ್. ಉಳಿತಾಯ ಪೆಟ್ರೋಲ್‌ನದ್ದು ಮಾತ್ರವಲ್ಲ. ಬೊಡ್ಡೆಗೆ ಬಾಗಿ ಕೊಯ್ಯುವವನು ಉಸಿರಾಡುವುದೂ ಅದೇ ಹೊಗೆಯನ್ನು.

ಎರಡನೆಯ ಬದಲಾವಣೆ ಕಾರ್ಬರೇಟರ್. ಹಳೇದರಲ್ಲಿ ಎಚ್ (ಹೆಚ್ಚು ವೇಗಕ್ಕೆ), ಎಲ್ (ಕಡಿಮೆ ವೇಗಕ್ಕೆ) ಅಂತ ಎರಡು ಸ್ಕ್ರೂ; ಸ್ಕ್ರೂಡ್ರೈವರ್ ಮತ್ತು ಕಿವಿ ಇದ್ದರೆ ಸಾಕು. ಹೊಸದರಲ್ಲಿ ಇಂಧನದ ಪ್ರಮಾಣವನ್ನು ಒಂದು ವಿದ್ಯುತ್ ವಾಲ್ವ್ ತೀರ್ಮಾನಿಸುತ್ತದೆ. ಸ್ಟಿಲ್‌ನಲ್ಲಿ ಅದು ಎಂ-ಟ್ರಾನಿಕ್ (ಮಾಡೆಲ್ ಹೆಸರಿನ ಕೊನೆಗೆ ಸಿ-ಎಂ ಅಂತಿರುತ್ತದೆ), ಹಸ್ಕ್‌ವರ್ನಾದಲ್ಲಿ ಆಟೋಟ್ಯೂನ್. ಎತ್ತರ, ಚಳಿ, ಫಿಲ್ಟರ್‌ನ ಧೂಳು, ಪೆಟ್ರೋಲ್‌ನ ಗುಣ ಇವೆಲ್ಲಕ್ಕೂ ಅದು ತಾನೇ ಹೊಂದಿಕೊಳ್ಳುತ್ತದೆ. ಮಂಗಳೂರಿನ ಸಮುದ್ರಮಟ್ಟದಲ್ಲಿ ಟ್ಯೂನ್ ಮಾಡಿದ ಹಳೇ ಮೆಷಿನ್ ಸಾವಿರ ಮೀಟರ್ ದಾಟಿದ ಮಡಿಕೇರಿಯಲ್ಲಿ ಹೊಗೆ ಕಾರುತ್ತಾ ಮಂಕಾಗುತ್ತದೆ. ಮಡಿಕೇರಿಯಲ್ಲಿ ಟ್ಯೂನ್ ಮಾಡಿದ್ದನ್ನು ಘಟ್ಟ ಇಳಿಸಿದರೆ ಮಿಶ್ರಣ ತೆಳುವಾಗಿ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿ, ಪಿಸ್ಟನ್ ಸುಡುವ ಅಪಾಯ. ಘಟ್ಟದ ಮೇಲೂ ಕೆಳಗೂ ಗುತ್ತಿಗೆ ಹಿಡಿಯುವವರಿಗೆ ಈ ಒಂದೇ ಕಾರಣಕ್ಕೆ ಹೊಸದು ಒಪ್ಪುತ್ತದೆ.

ಹೊಸದು ಕೈಕೊಟ್ಟಾಗಿನ ಕಥೆ ಬೇರೆ. ವಾಲ್ವ್ ಅಥವಾ ವೈರ್ ಹಾಳಾದರೆ ತೋಟದಲ್ಲಿ ಮಾಡಲು ಏನೂ ಇಲ್ಲ. ಡೀಲರ್ ಬಳಿ ಇರುವ ಉಪಕರಣಕ್ಕೆ ಜೋಡಿಸಿ ನೋಡಬೇಕು. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಮಾಡೆಲ್‌ಗಿಂತ ಮುಂಚೆ ಡೀಲರ್‌ನನ್ನು ವಿಚಾರಿಸಿ: ಆ ಉಪಕರಣ ನಿಮ್ಮಲ್ಲಿದೆಯೇ, ವಾಲ್ವ್ ದಾಸ್ತಾನಿದೆಯೇ? ಎರಡಕ್ಕೂ ಇಲ್ಲ ಅನ್ನುವ ಡೀಲರ್ ಒಬ್ಬನೇ ನಿಮ್ಮ ತಾಲ್ಲೂಕಿಗಿದ್ದರೆ ಸ್ಕ್ರೂ ಇರುವ ಮೆಷಿನ್ನೇ ಕ್ಷೇಮ.

ಇ20 ಪೆಟ್ರೋಲ್ ಬಂದ ಮೇಲೆ

ಕೆಲವು ವರ್ಷಗಳ ಹಿಂದೆ ಹಳೇ ಮೆಷಿನ್ ಪರವಾಗಿ ವಾದಿಸುವುದು ಸುಲಭವಿತ್ತು. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನ ಒಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು. ಒಂದು ಕಿಲೋ ಶುದ್ಧ ಪೆಟ್ರೋಲ್ ಸುಡಲು 14.7 ಕಿಲೋ ಗಾಳಿ ಬೇಕಾದರೆ ಇ20ಗೆ ಸುಮಾರು 13.5. ಹಳೇ ಪೆಟ್ರೋಲ್‌ಗೆ ಟ್ಯೂನ್ ಮಾಡಿಟ್ಟ ಕಾರ್ಬರೇಟರ್‌ಗೆ ಇ20 ಹಾಕಿದರೆ ಮಿಶ್ರಣ ತನ್ನಷ್ಟಕ್ಕೆ ತೆಳುವಾಗುತ್ತದೆ. ತೆಳು ಮಿಶ್ರಣದಲ್ಲಿ ಮೆಷಿನ್ ಮೊದಲಿಗಿಂತ ಚುರುಕಾಗಿ ಕೂಗುತ್ತದೆ, ಕೆಲಸಗಾರನಿಗೆ ಖುಷಿಯೂ ಆಗುತ್ತದೆ. ಹೀಗೇ ಓಡಿಸುತ್ತಿದ್ದರೆ ಪಿಸ್ಟನ್ ಹಿಡಿದು ನಿಲ್ಲುವ ಅಪಾಯವಿದೆ.

ಹಳೇ ಮೆಷಿನ್ ಇಟ್ಟುಕೊಂಡವರು ಮಾಡಬೇಕಾದ್ದು ಇಷ್ಟು. ಏರ್ ಫಿಲ್ಟರ್ ತೊಳೆದು, ಚೈನ್‌ಗೆ ಅರ ಹಾಕಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎಚ್ ಸ್ಕ್ರೂ ಅನ್ನು ಎಡಕ್ಕೆ ಎಂಟರಲ್ಲೊಂದು ಸುತ್ತು ತಿರುಗಿಸಿ. ಮರಕ್ಕೆ ತಾಗಿಸದೆ ಪೂರ್ತಿ ಥ್ರಾಟಲ್ ಕೊಟ್ಟಾಗ ಸದ್ದು ನಯವಾಗಿ ಕಿರುಚಬಾರದು, ಗಂಟಲು ಕಟ್ಟಿದಂತೆ ಸ್ವಲ್ಪ ಬಡಬಡಿಸಬೇಕು. ಮರಕ್ಕೆ ಇಳಿಸಿದ ಕೂಡಲೇ ಆ ಬಡಬಡಿಕೆ ಹೋಗಿ ಸದ್ದು ಸ್ವಚ್ಛವಾಗಬೇಕು. ಮರದೊಳಗೂ ಬಡಬಡಿಸಿದರೆ ಇಂಧನ ಹೆಚ್ಚಾಯಿತು, ಚೂರು ಬಲಕ್ಕೆ ತನ್ನಿ. ಟ್ಯಾಕೋಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಎಂಎಸ್ 460, 372 ಎಕ್ಸ್‌ಪಿ ಎರಡಕ್ಕೂ ಮರವಿಲ್ಲದೆ 13,500 ಸುತ್ತು ಮೀರಬಾರದು.

ಎಂ-ಟ್ರಾನಿಕ್ ಇಂಜಿನ್ 27% ಎಥೆನಾಲ್‌ವರೆಗೂ ಪೂರ್ಣ ಶಕ್ತಿ ಕೊಡುತ್ತದೆಂದು ಸ್ಟಿಲ್‌ನ ಕೈಪಿಡಿಯೇ ಹೇಳುತ್ತದೆ. ಹೊಸ ಮೆಷಿನ್ ಕಡೆಗೆ ತಕ್ಕಡಿ ವಾಲಿಸುವ ಸಂಗತಿಗಳಲ್ಲಿ ಇದೇ ದೊಡ್ಡದು.

ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕ್‌ನಲ್ಲಿ ಉಳಿದ ಮಿಶ್ರಣದಲ್ಲಿ ನೀರು ಎಥೆನಾಲ್ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಇಂಧನ ಹೀರುವ ಫಿಲ್ಟರ್ ಇರುವುದೂ ತಳದಲ್ಲೇ, ಆ ಪದರದಲ್ಲಿ ಟೂ ಸ್ಟ್ರೋಕ್ ಆಯಿಲ್ ಇರುವುದಿಲ್ಲ. ಮೊದಲ ಎಳೆತಕ್ಕೇ ಎಣ್ಣೆಯಿಲ್ಲದ ಇಂಧನ ಸಿಲಿಂಡರ್‌ಗೆ. ಜೂನ್‌ಗೆ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಮೆಷಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬರೇಟರ್ ಒಣಗಿಸಿ ಇಡಬೇಕು. ಕಲಸಿದ ಪೆಟ್ರೋಲ್ ತಿಂಗಳಿಗಿಂತ ಹೆಚ್ಚು ಇಡಬೇಡಿ. ಕಲಸುವ ಅಳತೆ: ಕಂಪನಿಯ ಆಯಿಲ್‌ನಲ್ಲಿ 5 ಲೀಟರ್‌ಗೆ 100 ಮಿಲಿ. ಬೇರೆ ಟೂ ಸ್ಟ್ರೋಕ್ ಆಯಿಲ್ ಆದರೆ ಸ್ಟಿಲ್‌ನ ಹಳೇ ಕೈಪಿಡಿಗಳಂತೆ 5 ಲೀಟರ್‌ಗೆ 200 ಮಿಲಿ.

ವರ್ಗವಾರು ಜೋಡಿಗಳು

50 ಸಿಸಿಯಲ್ಲಿ ಹೋಲಿಕೆ ಸರಳ. ಎಂಎಸ್ 260: 50.2 ಸಿಸಿ, 2.6 ಕಿಲೋವ್ಯಾಟ್, ಬಾರ್ ಬಿಟ್ಟು 4.8 ಕಿಲೋ. ಎಂಎಸ್ 261 ಸಿ-ಎಂ: ಅದೇ ಸಿಸಿ, 3.0 ಕಿಲೋವ್ಯಾಟ್, 4.9 ಕಿಲೋ. ನೂರು ಗ್ರಾಂಗೆ ಇಷ್ಟು ಶಕ್ತಿ ಸಿಗುವಾಗ ಹಳೇದನ್ನು ಹುಡುಕಿ ಕೊಳ್ಳುವ ಅರ್ಥವಿಲ್ಲ. ಕೈಯಲ್ಲಿದ್ದರೆ ಚೆನ್ನಾಗಿ ನೋಡಿಕೊಳ್ಳಿ. ಸೌದೆ, ಸಣ್ಣ ಸಿಲ್ವರ್ ಓಕ್, ಬಿದ್ದ ಕೊಂಬೆ ಸವರುವ ಕೆಲಸ ಇದರದ್ದು, 16 ಇಂಚಿನ ಬಾರ್‌ನಲ್ಲಿ. ಮರಗಸಿ ಅಥವಾ ಕೊಡಗಿನವರು ಹೇಳುವ ಮರಕಪಾತಿಗೆ (ನೆರಳುಮರದ ಕೊಂಬೆ ಸವರುವ ಕೆಲಸ) ಇಂಥ ಮೆಷಿನ್ ಹಿಡಿದು ಏಣಿ ಹತ್ತಿಸಬೇಡಿ. ಇದು ಎರಡೂ ಕೈ ಬೇಡುವ ಯಂತ್ರ, ಏಣಿಯ ಮೇಲೆ ಎರಡೂ ಕೈ ಖಾಲಿ ಇರುವುದಿಲ್ಲ.

60 ಸಿಸಿಯಲ್ಲಿ ಎಂಎಸ್ 361 (59 ಸಿಸಿ, 3.4 ಕಿಲೋವ್ಯಾಟ್, 5.6 ಕಿಲೋ) ಹಳೇ ತಲೆಮಾರಿನ ಅತ್ಯುತ್ತಮ ಮೆಷಿನ್‌ಗಳಲ್ಲಿ ಒಂದು. ಒಳಗೆ ಗಾಳಿಪದರದ ಗೊಡವೆಯಿಲ್ಲ, ಕಂಪನ ತಡೆಗೆ ಸ್ಪ್ರಿಂಗ್ ಇದೆ, ಬಿಚ್ಚಿ ಜೋಡಿಸುವುದು ಸುಲಭ. ಅದರ ನಂತರದ ಎಂಎಸ್ 362 ಸಿ-ಎಂ ಶಕ್ತಿ, ತೂಕ ಎರಡರಲ್ಲೂ ಹೆಚ್ಚು ಕಡಿಮೆ ಅಲ್ಲೇ ಇದೆ. ಗೆಲ್ಲುವುದು ಇಂಧನ ಉಳಿತಾಯ ಮತ್ತು ತಾನೇ ಟ್ಯೂನ್ ಆಗುವುದರಲ್ಲಿ. ಒಬ್ಬ ಬೆಳೆಗಾರ ಒಂದೇ ಮೆಷಿನ್ ಕೊಳ್ಳುವುದಾದರೆ ಈ ವರ್ಗ, 18 ಇಂಚಿನ ಬಾರ್. ಇದಕ್ಕಿಂತ ದೊಡ್ಡದು ಬೇಕೆನ್ನುವವರು ಮತ್ತೊಮ್ಮೆ ಸುತ್ತಳತೆ ಅಳೆದು ಬರಲಿ.

ಗುತ್ತಿಗೆದಾರರ ಮೆಷಿನ್ 70 ಸಿಸಿ ವರ್ಗದ್ದು, ಆಯ್ಕೆ ಕಷ್ಟವಾಗುವುದೂ ಇಲ್ಲೇ. ಎಂಎಸ್ 460 ಅಂದರೆ 76.5 ಸಿಸಿ, 4.4 ಕಿಲೋವ್ಯಾಟ್, 6.6 ಕಿಲೋ. ಹೊಸ ಎಂಎಸ್ 462 ಸಿ-ಎಂ 72.2 ಸಿಸಿಯಲ್ಲೇ ಅದೇ 4.4 ಕಿಲೋವ್ಯಾಟ್ ಕೊಡುತ್ತದೆ, ತೂಕ 6.0 ಕಿಲೋ. ದಿನಕ್ಕೆ ನೂರಾರು ಸಲ ಎತ್ತಿಳಿಸುವ ಯಂತ್ರದಲ್ಲಿ 600 ಗ್ರಾಂ ಇಳಿದರೆ ಸಂಜೆಯ ಕೊನೆಯ ಕೊಯ್ತವೂ ನೆಟ್ಟಗಿರುತ್ತದೆ. ಹೊಸದೆಲ್ಲ ಹಗುರ ಎಂದು ಇದರಿಂದ ತೀರ್ಮಾನಿಸಬೇಡಿ. ಹಸ್ಕ್‌ವರ್ನಾದ ಮೂಲ 372 ಎಕ್ಸ್‌ಪಿ 70.7 ಸಿಸಿ, 3.9 ಕಿಲೋವ್ಯಾಟ್, 6.1 ಕಿಲೋ, ಹೊಸ 572 ಎಕ್ಸ್‌ಪಿ 70.6 ಸಿಸಿ, 4.3 ಕಿಲೋವ್ಯಾಟ್, 6.6 ಕಿಲೋ. ಶಕ್ತಿ ಏರಿದೆ, ತೂಕವೂ ಏರಿದೆ. 372ನ್ನು ಬಿಡದವರ ಹಟಕ್ಕೆ ಕಾರಣವಿದೆ.

ನಡುವಿನ ದಾರಿಯೂ ಇದೆ. ಎಂಎಸ್ 461 ಒಳಗೆ ಹೊಸ ಬಗೆಯ ಗಾಳಿಪದರ, ಹೊರಗೆ ಹಳೇ ಬಗೆಯ ಸ್ಕ್ರೂ ಕಾರ್ಬರೇಟರ್. ಏಷ್ಯಾದ ಮಾರುಕಟ್ಟೆಗೆ ಬರುವ ಎಂಎಸ್ 382 (72.2 ಸಿಸಿ, 3.9 ಕಿಲೋವ್ಯಾಟ್) ಕೂಡ ಎಲೆಕ್ಟ್ರಾನಿಕ್ ಇಲ್ಲದ ಸರಳ ಮೆಷಿನ್. ಡೀಲರ್ ದೂರ, ಮೆಕ್ಯಾನಿಕ್ ಊರಲ್ಲೇ ಇದ್ದಾನೆ ಅನ್ನುವವರಿಗೆ ಸೆಕೆಂಡ್ ಹ್ಯಾಂಡ್ 460ಕ್ಕಿಂತ ಹೊಸ 382 ಮೇಲು. ಬಾರ್ ಈ ವರ್ಗಕ್ಕೆ 20 ಇಂಚು ಇಟ್ಟು, 25 ಇಂಚಿನದೊಂದನ್ನು ಶೆಡ್ಡಿನಲ್ಲಿ ತೂಗುಹಾಕಿ. ದೊಡ್ಡ ಹಲಸೋ ಮಾವೋ ಬಂದ ದಿನ ಬದಲಿಸಲು ಐದು ನಿಮಿಷ ಸಾಕು.

90 ಸಿಸಿಯ ಎಂಎಸ್ 660 (91.6 ಸಿಸಿ, 5.2 ಕಿಲೋವ್ಯಾಟ್, 7.3 ಕಿಲೋ), 661 ಮತ್ತು 395 ಎಕ್ಸ್‌ಪಿ ಬೇಕಾಗುವುದು 8 ಅಡಿ ಮೀರಿದ ಸುತ್ತಳತೆಗೆ, ಇಲ್ಲವೇ ಬಿದ್ದ ಜಾಗದಲ್ಲೇ ಹಲಗೆ ಸೀಳುವವರಿಗೆ. ಸೀಳುವಾಗ ಬಾರ್‌ಗೆ ಸಿಕ್ಕಿಸುವ ಚೌಕಟ್ಟಿಗೆ ಹೋಗುವ ಜಾಗ ಕಳೆದು 36 ಇಂಚಿನ ಬಾರ್‌ನಲ್ಲಿ ಸುಮಾರು 30 ಇಂಚು ಅಗಲ ಸಿಗುತ್ತದೆ. ಚೈನ್‌ನ ಹಲ್ಲಿನ ಕೋನ 30 ಡಿಗ್ರಿಯಿಂದ 10ಕ್ಕೆ ಇಳಿಸಿ ಅರ ಹಾಕಬೇಕು. ನಾರಿನುದ್ದಕ್ಕೆ ಕೊಯ್ಯುವಾಗ ಇಂಜಿನ್‌ಗೆ ವಿರಾಮವೇ ಇರುವುದಿಲ್ಲ, ಹಾಗಾಗಿ ಗಾಳಿಗೆ ಬೆರೆಯುವ ಪೆಟ್ರೋಲ್ ಸ್ವಲ್ಪ ಹೆಚ್ಚಿರಲಿ. 2019ರಲ್ಲಿ ಬಂದ ಎಂಎಸ್ 500ಐ ಕಾರ್ಬರೇಟರ್ರೇ ಇಲ್ಲದೆ ಇಂಜೆಕ್ಷನ್‌ನಲ್ಲಿ ಓಡುತ್ತದೆ: 79.2 ಸಿಸಿ, 5.0 ಕಿಲೋವ್ಯಾಟ್, ತೂಕ ಬರೀ 6.2 ಕಿಲೋ. ಕೈಗೆ ಸಿಗುವ ಮೆಷಿನ್‌ಗಳಲ್ಲಿ ತೂಕಕ್ಕೆ ಇಷ್ಟು ಶಕ್ತಿ ಅಪರೂಪ. ಕೆಟ್ಟರೆ ಡೀಲರ್ ಬಿಟ್ಟು ಗತಿಯಿಲ್ಲ ಎಂಬುದನ್ನೂ ಲೆಕ್ಕಕ್ಕಿಡಿ.

ಇಂಥ ದೊಡ್ಡ ಮರಕ್ಕೆ ಕೈಹಾಕುವ ಮೊದಲು ಕಾಗದ ನೋಡಿಕೊಳ್ಳಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ರಬ್ಬರ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ, ತೇಗ, ಹೊನ್ನೆಯನ್ನು ಸ್ವಂತ ಜಮೀನಿನಲ್ಲೇ ಇದ್ದರೂ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ.

ಹಳೇ ಮೆಷಿನ್ ಕೊಳ್ಳುವಾಗ ನೋಡಬೇಕಾದ್ದು

ಮೆಷಿನ್ ತಣ್ಣಗಿರುವಾಗ ಹೋಗಿ. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗುವುದಿಲ್ಲವೇ ಎಂದು ಕೇಳುವ ಹಕ್ಕು ನಿಮಗಿದೆ. ಸ್ಟಾರ್ಟರ್ ಹಿಡಿ ಹಿಡಿದು ಮೆಷಿನ್ ಮೇಲೆತ್ತಿ: ತನ್ನ ಭಾರಕ್ಕೆ ತಡೆದು ತಡೆದು ನಿಧಾನ ಇಳಿಯಬೇಕು. ಸರ್ರನೆ ಇಳಿದರೆ ಕಂಪ್ರೆಷನ್ ಹೋಗಿದೆ. ಗೇಜ್ ಹಾಕಿದರೆ 150 ಪಿಎಸ್‌ಐ ಮೇಲಿದ್ದರೆ ಒಳ್ಳೆಯದು, 120ಕ್ಕಿಂತ ಕೆಳಗಿದ್ದರೆ ಪಿಸ್ಟನ್ ರಿಂಗ್ ಖರ್ಚು ಖಚಿತ. ಡಿಕಂಪ್ರೆಷನ್ ಗುಂಡಿ ಇರುವ ಮಾಡೆಲ್ ಆದರೆ ಅದು ಒತ್ತಿಕೊಂಡಿಲ್ಲವೆಂದು ನೋಡಿಯೇ ಈ ಪರೀಕ್ಷೆ ಮಾಡಬೇಕು.

ಆಮೇಲೆ ಸೈಲೆನ್ಸರ್ ಬಿಚ್ಚಿಸಿ, ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಬಿಚ್ಚಲು ಒಪ್ಪದವರಿಂದ ಕೊಳ್ಳಬೇಡಿ, ಮೆಷಿನ್ ಎಷ್ಟೇ ಹೊಳೆಯುತ್ತಿರಲಿ. ಪಿಸ್ಟನ್ ಮೈಮೇಲೆ ಮೇಲಿನಿಂದ ಕೆಳಕ್ಕೆ ಗೀರು, ಬಳಿದುಕೊಂಡ ಅಲ್ಯೂಮಿನಿಯಂ ಕಂಡರೆ ಅದು ತೆಳು ಮಿಶ್ರಣದಲ್ಲೋ ಎಣ್ಣೆಯಿಲ್ಲದ ಪೆಟ್ರೋಲ್‌ನಲ್ಲೋ ಒಮ್ಮೆ ಹಿಡಿದ ಇಂಜಿನ್. ಕೆಲವರು ಬರೀ ಪಿಸ್ಟನ್ ಬದಲಿಸಿ ಮಾರುತ್ತಾರೆ. ಯಾಕೆ ಹಿಡಿಯಿತೆಂದು ಪತ್ತೆ ಮಾಡದಿದ್ದರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ಕಾರಣ ಹೆಚ್ಚಾಗಿ ಗಾಳಿ ಸೋರಿಕೆ. ಕಾರ್ಬರೇಟರ್‌ಗೂ ಸಿಲಿಂಡರ್‌ಗೂ ನಡುವಿನ ರಬ್ಬರ್ ಕೊಳವೆ ಬಿರಿದಿರುತ್ತದೆ, ಇಲ್ಲವೇ ಕ್ರ್ಯಾಂಕ್‌ನ ಎರಡೂ ತುದಿಯ ಆಯಿಲ್ ಸೀಲ್ ಗಟ್ಟಿಯಾಗಿರುತ್ತದೆ. ಗುರುತಿಸುವ ಬಗೆ: ಐಡಲ್‌ನಲ್ಲಿ ಓಡುತ್ತಿರುವ ಮೆಷಿನ್ ಅನ್ನು ಎಡಕ್ಕೆ, ಬಲಕ್ಕೆ, ಮೂತಿ ಕೆಳಗೆ ಮಾಡಿ ಹಿಡಿಯಿರಿ. ವೇಗ ಏರಿಳಿದರೆ ಅನುಮಾನ. ಥ್ರಾಟಲ್ ಬಿಟ್ಟ ಮೇಲೂ ಕೆಲಹೊತ್ತು ಕೂಗುತ್ತಲೇ ಇದ್ದರೆ ಅನುಮಾನ ಬಲವಾಯಿತು. ಪೂರ್ತಿ ಖಾತ್ರಿಗೆ ಮೆಕ್ಯಾನಿಕ್ ಬಳಿ ಇಂಜಿನ್‌ಗೆ ಅರ್ಧ ಬಾರ್ (ಇಲ್ಲಿ ಬಾರ್ ಅಂದರೆ ಒತ್ತಡದ ಅಳತೆ) ಗಾಳಿಯ ಒತ್ತಡ ಕೊಟ್ಟು, ಅದು ಇಳಿಯದೆ ನಿಲ್ಲುತ್ತದೆಯೇ ನೋಡಬೇಕು.

ಚೈನ್ ಬ್ರೇಕ್ ಅನ್ನು ಪೂರ್ತಿ ವೇಗದಲ್ಲಿ ಮುಂದಕ್ಕೆ ತಳ್ಳಿದಾಗ ಚೈನ್ ಆ ಕ್ಷಣಕ್ಕೇ ನಿಲ್ಲಬೇಕು. ತಳ್ಳುವ ಹಿಡಿಯನ್ನೇ ಮುರಿದು ಬಿಸಾಕಿದ ಮೆಷಿನ್‌ಗಳು ಬರುತ್ತವೆ, ಅವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಸ್ಪ್ರಾಕೆಟ್ ಮೇಲೆ ಚೈನ್ ಕೊರೆದ ಗುಣಿ ಅರ್ಧ ಮಿಲಿಮೀಟರ್ ದಾಟಿದ್ದರೆ ಬದಲಿಸಬೇಕು. ಎರಡು ಚೈನ್ ಸವೆಯುವಷ್ಟರಲ್ಲಿ ಒಂದು ಸ್ಪ್ರಾಕೆಟ್ ಎಂಬುದು ರೂಢಿಯ ಲೆಕ್ಕ. ಫ್ಲೈವೀಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಆಟ ಸಿಕ್ಕರೆ ಬೇರಿಂಗ್ ಹೋಗಿದೆ ಎಂದರ್ಥ, ಅದಕ್ಕೆ ಇಂಜಿನ್ ಪೂರ್ತಿ ಬಿಚ್ಚಬೇಕು.

ಇಷ್ಟೆಲ್ಲ ಪಾಸಾದ ಮೆಷಿನ್‌ಗೂ ಪೆಟ್ರೋಲ್ ಪೈಪು, ಇಂಧನ ಫಿಲ್ಟರ್, ಕಾರ್ಬರೇಟರ್ ಡಯಾಫ್ರಮ್ ಕಿಟ್ ಮೂರನ್ನೂ ಕೊಂಡ ದಿನವೇ ಬದಲಿಸಿ. ಹಳೇ ರಬ್ಬರ್ ಎಥೆನಾಲ್‌ಗೆ ತಡೆಯುವುದಿಲ್ಲ. ಇದರ ಜೊತೆ ಬಾರ್, ಚೈನ್, ಸ್ಪ್ರಾಕೆಟ್ ಬೆಲೆ ಕೂಡಿ. ಒಟ್ಟು ಮೊತ್ತ ಹೊಸದರ ಅರ್ಧ ದಾಟಿದರೆ ಹೊಸದೇ ವಾಸಿ. ಇನ್ನು ಹೆಸರಾಂತ ಕಂಪನಿಯ ಬಣ್ಣ, ಅಕ್ಷರ ಎರಡನ್ನೂ ನಕಲು ಮಾಡಿದ ದೊಡ್ಡ ಮೆಷಿನ್‌ಗಳು ಸಂತೆಯಲ್ಲಿ ಸಿಗುವ ಬೆಲೆಗೇ ಅನುಮಾನ ಬರಬೇಕು. ಬಿಲ್, ಇಂಜಿನ್ ಮೇಲೆ ಕೊರೆದ ನಂಬರ್ ಎರಡೂ ಹೊಂದದಿದ್ದರೆ ಬಿಟ್ಟುಬನ್ನಿ.

ಚೈನ್ ಸರಿಯಿಲ್ಲದಿದ್ದರೆ

ಮೊಂಡು ಚೈನ್ ಹಾಕಿದ ಹೊಸ 462ಕ್ಕಿಂತ ಹರಿತ ಚೈನ್‌ನ ಹಳೇ 361 ಬೇಗ ಕೊಯ್ಯುತ್ತದೆ. 3/8ಕ್ಕೆ 5.2 ಮಿಲಿಮೀಟರ್ ದುಂಡು ಅರ, .325ಕ್ಕೆ 4.8. ಹಲ್ಲಿನ ಕೋನ 30 ಡಿಗ್ರಿ. ಹಲ್ಲಿನ ಮುಂದಿನ ಗುಬ್ಬಿ ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲಿಗೆ ನಾಲ್ಕೈದು ಸಲ ಅರ ಹಾಕಿದ ಮೇಲೆ ಈ ಗುಬ್ಬಿಯನ್ನು ಗೇಜ್ ಇಟ್ಟು ತಗ್ಗಿಸದಿದ್ದರೆ ಚೈನ್ ಮರವನ್ನು ನೆಕ್ಕುತ್ತದೆ, ಕಚ್ಚುವುದಿಲ್ಲ. ಅಂದಾಜಿಗೆ ಹೆಚ್ಚು ತಗ್ಗಿಸಿದರೆ ಎಗರುತ್ತದೆ.

ಚೌಕ ಮೂಲೆಯ ಹಲ್ಲು ಹಸಿ, ಶುಚಿ ಮರದಲ್ಲಿ ವೇಗ. ತೇಗದಲ್ಲಿ, ತೆಂಗಿನಲ್ಲಿ, ಮಣ್ಣು ಮೆತ್ತಿದ ಬೊಡ್ಡೆಯಲ್ಲಿ ಆ ಮೂಲೆ ಬೇಗ ಮುರಿಯುತ್ತದೆ. ತೇಗದೊಳಗೆ ಮರಳಿನ ಅಂಶವೇ ಇದೆ. ಅಂಥ ಕಡೆ ದುಂಡು ಮೂಲೆಯ ಚೈನ್ ಹಾಕಿ. ಹಳೇ ಬೇಲಿಸಾಲಿನ ಮರ ಕೊಯ್ಯುವಾಗ ಮೊದಲು ತೊಗಟೆ ನೋಡಿ: ಅಡ್ಡಕ್ಕೆ ಉಬ್ಬಿದ ಗೆರೆ ಕಂಡಲ್ಲಿ ಒಳಗೆ ಮುಳ್ಳುತಂತಿ ಇರುತ್ತದೆ. ಒಂದಡಿ ಮೇಲೆ ಕೊಯ್ದು ಬುಡ ಬಿಟ್ಟುಬಿಡಿ. ಕೊಯ್ಯುವಾಗ ಉದುರುವುದು ಉದ್ದುದ್ದ ಎಸಳಾದರೆ ಚೈನ್ ಸರಿಯಿದೆ, ಹಿಟ್ಟಿನಂಥ ಪುಡಿ ಬೀಳತೊಡಗಿದರೆ ಮೆಷಿನ್ ಒತ್ತಬೇಡಿ, ನಿಲ್ಲಿಸಿ ಅರ ತೆಗೆಯಿರಿ.